ಪೊಟ್ಟಣ ಹೇಳುವುದು ಡಿಗ್ರಿ, ಇಸ್ತ್ರಿಪೆಟ್ಟಿಗೆ ತೋರಿಸುವುದು ಚುಕ್ಕೆ

ಸಂಪಾದಕರಿಗೆ,

ಮಾನ್ಯರೇ,

ಮನೆಯಲ್ಲೇ ಟಿ-ಶರ್ಟ್‌ಗಳ ಮೇಲೆ ನಮ್ಮಿಷ್ಟದ ಚಿತ್ರವನ್ನು ಅಚ್ಚೊತ್ತಿಕೊಳ್ಳುವ ಬಗ್ಗೆ ತಮ್ಮ ಪುರವಣಿಯಲ್ಲಿ ಬಂದ ಬರಹವನ್ನು ಓದಿದೆ. ಚಿತ್ರವನ್ನು ಮುದ್ರಿಸಿ, ಅಂಗಿಯ ಮೇಲಿಟ್ಟು, ಇಸ್ತ್ರಿ ತಿಕ್ಕಿದರೆ ಮುಗಿಯಿತು ಎಂಬ ಧಾಟಿಯ ಮಾತನ್ನು ನಂಬಿ ಹಿಂದೊಮ್ಮೆ ನಾನೂ ಕೈಸುಟ್ಟುಕೊಂಡಿದ್ದೇನೆ; ಸುಟ್ಟದ್ದು ಕೈಯಲ್ಲ, ಮೂರು ಒಳ್ಳೆಯ ಅಂಗಿಗಳು. ಆ ಬರಹದಲ್ಲಿ ಬಿಟ್ಟುಹೋದ ಕೆಲವು ಸಂಗತಿಗಳನ್ನು ಓದುಗರ ಗಮನಕ್ಕೆ ತರುವುದಕ್ಕಾಗಿ ಈ ಪತ್ರ.

ಮುದ್ರಿಸಿದ ಚಿತ್ರವನ್ನು ಶಾಖದಿಂದ ಬಟ್ಟೆಗೆ ದಾಟಿಸುವ ಟ್ರಾನ್ಸ್‌ಫರ್ ಹಾಳೆ, ಆಕಾರ ಕತ್ತರಿಸಿ ಬಟ್ಟೆಗೆ ಅಂಟಿಸುವ ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆ ಮುಂತಾದವುಗಳ ಪೊಟ್ಟಣಗಳ ಮೇಲೆ ಸಾಮಾನ್ಯವಾಗಿ ಇಷ್ಟು ಡಿಗ್ರಿ, ಇಷ್ಟು ಸೆಕೆಂಡು ಎಂದು ಅಚ್ಚಾಗಿರುತ್ತದೆ. ಈ ಲೆಕ್ಕ ಹೀಟ್ ಪ್ರೆಸ್ ಎಂಬ ಯಂತ್ರಕ್ಕೆ ಸರಿ, ಏಕೆಂದರೆ ಅದರ ಅಗಲವಾದ ಬಿಸಿ ಹಲಗೆ ಇಡೀ ಚಿತ್ರದ ಮೇಲೆ ಒಂದೇ ಸಮನಾದ ಶಾಖವನ್ನೂ ಒತ್ತಡವನ್ನೂ ಹಾಕುತ್ತದೆ. ಮನೆಯ ಇಸ್ತ್ರಿಪೆಟ್ಟಿಗೆಯ ತಿರುಗುಗುಂಡಿಯ ಮೇಲಾದರೋ ಡಿಗ್ರಿಯ ಮಾತೇ ಇರುವುದಿಲ್ಲ. ರೇಷ್ಮೆ, ಉಣ್ಣೆ, ಹತ್ತಿ ಎಂಬ ಹೆಸರುಗಳೋ ಒಂದು, ಎರಡು, ಮೂರು ಚುಕ್ಕೆಗಳೋ ಇರುತ್ತವೆ. ಒಂದು ಚುಕ್ಕೆಗೆ ಸುಮಾರು 110, ಎರಡಕ್ಕೆ 150, ಮೂರಕ್ಕೆ 200 ಡಿಗ್ರಿ ಸೆಲ್ಸಿಯಸ್ ಎಂಬ ರೂಢಿಯ ಲೆಕ್ಕವನ್ನು ಯಾರಾದರೂ ಹೇಳಿಕೊಟ್ಟರಷ್ಟೇ ತಿಳಿಯುತ್ತದೆ. ತಿಳಿದ ಮೇಲೂ ತೊಡಕು ತೀರುವುದಿಲ್ಲ. ಪೆಟ್ಟಿಗೆಯ ಶಾಖ ನಿಂತಲ್ಲಿ ನಿಲ್ಲದೆ ಏರಿಳಿಯುತ್ತದೆ. ತಳದಲ್ಲಿ ಹಬೆ ಬರುವ ತೂತುಗಳಿದ್ದರೆ ಆ ಜಾಗಗಳಲ್ಲಿ ಒತ್ತಡವೇ ಬೀಳುವುದಿಲ್ಲ. ಮೊದಲ ಒಗೆತದಲ್ಲಿ ಚಿತ್ರದ ಮೇಲೆ ಕಾಳುಗಾತ್ರದ ಚುಕ್ಕೆಗಳು ಎದ್ದು ಬಂದಾಗ ನಾನು ಹಾಳೆಯನ್ನು ಬೈದೆ. ತಪ್ಪು ಹಾಳೆಯದಲ್ಲ, ಆ ತೂತುಗಳದು. ಹಬೆಯನ್ನು ನಿಲ್ಲಿಸಿ, ಪೆಟ್ಟಿಗೆಯೊಳಗಿನ ನೀರನ್ನು ಚೆಲ್ಲಿ, ಉಜ್ಜದೆ ಒಂದೊಂದು ಜಾಗದಲ್ಲೂ ಮೈಭಾರ ಹಾಕಿ ಒತ್ತಿ, ಮುಂದಿನ ಜಾಗಕ್ಕೆ ಸರಿಯುವಾಗ ಹಿಂದಿನದರ ಅಂಚು ಸೇರುವಂತೆ ನೋಡಿಕೊಂಡರೆ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ. ಇಸ್ತ್ರಿ ಹಲಗೆಯ ಮೆತ್ತೆ ಒತ್ತಡವನ್ನು ನುಂಗಿಬಿಡುವುದರಿಂದ ಗಟ್ಟಿ ಮೇಜಿನ ಮೇಲೆ ದಿಂಬಿನ ಚೀಲವೊಂದನ್ನು ಹಾಸಿಕೊಳ್ಳುವುದು ಮೇಲು.

ಇದಕ್ಕಿಂತ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಬಟ್ಟೆ ಯಾವುದು ಎಂಬುದು. ಸಬ್ಲಿಮೇಶನ್ ಎಂಬ ವಿಧಾನದಲ್ಲಿ ಹಾಳೆಯ ಮೇಲೆ ಮುದ್ರಿಸಿದ ಬಣ್ಣವು ಸುಮಾರು 200 ಡಿಗ್ರಿಯ ಶಾಖಕ್ಕೆ ದ್ರವವಾಗದೆ ನೇರವಾಗಿ ಆವಿಯಾಗಿ, ಆ ಬಿಸಿಗೆ ಸಡಿಲಗೊಂಡ ಪಾಲಿಯೆಸ್ಟರ್ ಎಳೆಗಳ ಒಳಹೊಕ್ಕು, ತಣಿದಾಗ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಆದ್ದರಿಂದಲೇ ಅಂಥ ಚಿತ್ರವನ್ನು ಬೆರಳಿನಿಂದ ಸವರಿದರೆ ಏನೂ ತಗಲುವುದಿಲ್ಲ, ಎಷ್ಟು ಒಗೆದರೂ ಅದು ಬಿರಿಯುವುದಿಲ್ಲ. ಹತ್ತಿಯ ಎಳೆಗಳಲ್ಲಿ ಈ ಬಣ್ಣಕ್ಕೆ ನೆಲೆಯಿಲ್ಲ. ನನ್ನ ಎರಡನೆಯ ಅಂಗಿ ಅಪ್ಪಟ ಹತ್ತಿಯದು. ಹಾಳೆ ತೆಗೆದಾಗ ಕಂಡ ಚಿತ್ರ ಒಂದೇ ಒಗೆತಕ್ಕೆ ಹಳೆಯ ಕಲೆಯಂತಾಯಿತು. ಅಲ್ಲದೆ ಈ ಶಾಯಿ ಪಾರದರ್ಶಕ, ಅದರಲ್ಲಿ ಬಿಳಿ ಬಣ್ಣವೇ ಇಲ್ಲ; ಹಾಗಾಗಿ ಕಪ್ಪು ಅಂಗಿಯ ಮೇಲೆ ಈ ವಿಧಾನ ನಡೆಯುವುದಿಲ್ಲ.

ಹತ್ತಿಗೆ ಒಗ್ಗುವುದು ಇಂಕ್‌ಜೆಟ್ ಪ್ರಿಂಟರಿನ ಟ್ರಾನ್ಸ್‌ಫರ್ ಹಾಳೆ. ಅದರ ಮೇಲಿನ ತೆಳುವಾದ ಪ್ಲಾಸ್ಟಿಕ್ ಪದರ ಕರಗಿ ಶಾಯಿಯೊಂದಿಗೆ ಬಟ್ಟೆಗೆ ಅಂಟಿಕೊಳ್ಳುತ್ತದೆ. ಇದರಲ್ಲಿ ಎರಡು ಜಾತಿ. ತಿಳಿಬಣ್ಣದ ಬಟ್ಟೆಯ ಹಾಳೆಗೆ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಮುದ್ರಿಸಬೇಕು. ಗಾಢಬಣ್ಣದ ಬಟ್ಟೆಯ ಹಾಳೆಯಲ್ಲಿ ಬಿಳಿಯ ತಳಪದರವಿರುವುದರಿಂದ ಚಿತ್ರವನ್ನು ಇದ್ದಂತೆಯೇ ಮುದ್ರಿಸಿ, ಹಿಂಬದಿಯ ಕಾಗದವನ್ನು ಸುಲಿದು, ಮೇಲೆ ಬೇಕಿಂಗ್ ಕಾಗದವನ್ನಿಟ್ಟು ಒತ್ತಬೇಕು. ಈ ಭೇದವನ್ನರಿಯದೆ ನಾನು ಮೊಮ್ಮಗಳ ಹೆಸರನ್ನು ತಿರುಗುಮುರುಗಾಗಿ ಅಚ್ಚೊತ್ತಿದೆ. ಕನ್ನಡಿಯ ಮುಂದೆ ನಿಂತಾಗ ಮಾತ್ರ ಹೆಸರು ಸರಿಯಾಗಿ ಕಾಣುತ್ತದೆ ಎಂದು ಅವಳು ಆ ಅಂಗಿಯನ್ನು ಇಂದಿಗೂ ಇಟ್ಟುಕೊಂಡಿದ್ದಾಳೆ. ಇಂಕ್‌ಜೆಟ್ ಹಾಳೆಯನ್ನು ಲೇಸರ್ ಪ್ರಿಂಟರಿಗೆ ಹಾಕಿದರೆ ಮಾತ್ರ ನಗುವಂತಿಲ್ಲ. ಒಳಗಿನ ಬಿಸಿ ಉರುಳೆಗೆ ಹಾಳೆಯ ಪದರ ಕರಗಿ ಅಂಟಿಕೊಂಡು ಯಂತ್ರವೇ ಕೆಡಬಹುದು.

ವಿನೈಲ್ ಹಾಳೆಯನ್ನು ಕತ್ತರಿಸಿ ಅಂಟಿಸುವವರಿಗೂ ತಿರುಗಿಸುವ ನಿಯಮ ಅನ್ವಯಿಸುತ್ತದೆ. ನಮ್ಮ ಲಿಪಿಯಲ್ಲಿ ಒತ್ತಕ್ಷರಗಳ ಸಣ್ಣ ಸುರುಳಿಗಳು ಸೂಜಿಯಿಂದ ಬೇಡದ ಚೂರುಗಳನ್ನು ಕೀಳುವಾಗ ಜೊತೆಗೇ ಎದ್ದು ಬರುತ್ತವೆ. ಅಕ್ಷರಗಳನ್ನು ತುಸು ದಪ್ಪಗೆ, ದೊಡ್ಡದಾಗಿ ಆರಿಸಿಕೊಳ್ಳುವುದೇ ಇದಕ್ಕೆ ನಾನು ಕಂಡುಕೊಂಡ ಉಪಾಯ.

ಹೊಸ ಅಂಗಿಯನ್ನು ಮೊದಲು ಒಗೆದು ಒಣಗಿಸಬೇಕು, ಮೃದುಕಾರಕ ದ್ರವವನ್ನು ಬಳಸಬಾರದು. ಅಚ್ಚೊತ್ತಿದ ಮೇಲೆ ಒಂದು ದಿನ ನೀರು ಮುಟ್ಟಿಸದೆ, ಆಮೇಲೆ ಒಳಮೈ ಹೊರಗೆ ಮಾಡಿ ತಣ್ಣೀರಿನಲ್ಲಿ ಒಗೆದರೆ ಚಿತ್ರ ಹೆಚ್ಚು ದಿನ ಬಾಳುತ್ತದೆ. ಇಷ್ಟೆಲ್ಲ ಮಾಡಿದರೂ ಹಾಳೆಯಿಂದ ಬಂದ ಚಿತ್ರ, ಎಳೆದೆಳೆದು ತೊಡುವ ಅಂಗಿಯಲ್ಲಿ, ಕಾಲಕ್ರಮೇಣ ಬಿರುಕು ಬಿಡುತ್ತದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಒಂದು ಸಮಾರಂಭಕ್ಕೋ ಮಕ್ಕಳ ನಾಟಕಕ್ಕೋ ಬೇಕಾದ ಅಂಗಿಗೆ ಇದು ಸಾಕು. ವರ್ಷಗಟ್ಟಲೆ ತೊಡುವ ಸಮವಸ್ತ್ರಕ್ಕೆ ಈ ದಾರಿಯನ್ನು ನಾನು ಯಾರಿಗೂ ಹೇಳಲಾರೆ.

ಪತ್ರಿಕೆಗಳು ಇಂಥ ಬರಹಗಳನ್ನು ಪ್ರಕಟಿಸುವಾಗ ಬಟ್ಟೆ, ಹಾಳೆ, ಪ್ರಿಂಟರು ಈ ಮೂರೂ ಒಂದಕ್ಕೊಂದು ಹೊಂದಬೇಕೆಂಬುದನ್ನು ಆರಂಭದಲ್ಲೇ ಹೇಳಬೇಕೆಂದು ಕೋರುತ್ತೇನೆ. ತಯಾರಕರಲ್ಲಿ ನನ್ನ ವಿನಂತಿ ಇನ್ನೂ ಚಿಕ್ಕದು. ಹಾಳೆ ಯಾವ ಬಟ್ಟೆಗೆ, ಚಿತ್ರವನ್ನು ತಿರುಗಿಸಬೇಕೇ ಬೇಡವೇ, ಇಸ್ತ್ರಿಪೆಟ್ಟಿಗೆಯಾದರೆ ಎಷ್ಟು ಚುಕ್ಕೆ, ಎಷ್ಟು ಹೊತ್ತು ಎಂಬುದನ್ನು ಕೊಳ್ಳುವವರ ಭಾಷೆಯಲ್ಲಿ, ಕಣ್ಣಿಗೆ ಕಾಣುವ ಗಾತ್ರದಲ್ಲಿ ಪೊಟ್ಟಣದ ಮೇಲೆ ಅಚ್ಚು ಹಾಕಿಸಲಿ. ಅಲ್ಲಿ ನಗುವ ಮಗುವಿನ ಚಿತ್ರಕ್ಕೆ ಕೊಟ್ಟ ಜಾಗದಲ್ಲಿ ಕಾಲುಭಾಗ ಇದಕ್ಕೆ ಸಾಕು.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ