ಆ ಕ್ಯಾಚು ನಾನು ನೋಡಲಿಲ್ಲ

ಪ್ರೀತಿಯ ಮಗಳೇ,

ನೀನು ನನ್ನೊಡನೆ ಮಾತು ಬಿಟ್ಟು ಇವತ್ತಿಗೆ ಐದು ದಿನ. ಅಮ್ಮನಿಗೆ ದಿನವೂ ಫೋನ್ ಮಾಡುತ್ತೀಯೆ. ನಾನು ಚಾವಡಿಯಲ್ಲಿ ಕುಳಿತು ಅವಳ "ಹೂಂ, ಹೂಂ" ಅಷ್ಟನ್ನೇ ಕೇಳಿಸಿಕೊಳ್ಳುತ್ತೇನೆ. ಫೋನಿನಲ್ಲಿ ಮಾತಿಗಿಳಿದರೆ ನನ್ನ ದನಿ ಮತ್ತೆ ಏರೀತು ಎಂಬ ಹೆದರಿಕೆಯಿಂದ ಬರೆಯುತ್ತಿದ್ದೇನೆ.

ನವೆಂಬರ್ 2ರ ರಾತ್ರಿ ನೀನು ನವಿ ಮುಂಬೈಯಿಂದ "ಅಪ್ಪಾ, ಗೆದ್ದೆವು!" ಎಂದು ಕೂಗಿದಾಗ ಗಂಟೆ ಒಂದೂವರೆ. ನಾನು ಅದಕ್ಕೆ, "ನಿನಗೆ ಮನೆಯವರ ನೆನಪಾದರೂ ಇದೆಯೇ?" ಎಂದೆ. ನಮ್ಮ ಹೆಣ್ಣುಮಕ್ಕಳು ಮೊದಲ ಸಲ ಕ್ರಿಕೆಟ್ ವಿಶ್ವಕಪ್ ಎತ್ತಿದ್ದನ್ನು ಕಣ್ಣಾರೆ ಕಂಡು ಬಂದವಳಿಗೆ ಆಡುವ ಮಾತು ಅದಲ್ಲ. ತಪ್ಪಾಯಿತು, ಮಗಳೇ.

2017ರಲ್ಲಿ ಲಾರ್ಡ್ಸ್‌ನ ವಿಶ್ವಕಪ್ ಫೈನಲ್ ಮುಗಿದ ಮೇಲೆ ನಮ್ಮ ಮನೆಯಲ್ಲಿ ಏನಾಯಿತೆಂದು ಇಬ್ಬರಿಗೂ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ. ಆ ಒಂಬತ್ತು ರನ್ನಿನ ಸೋಲನ್ನು ನೀನು ಎಂಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ನಿನ್ನ ಸಂಬಳದಲ್ಲಿ ನೀನೇ ಟಿಕೆಟ್ ಕೊಂಡು ಹೋಗಿದ್ದೀ ಎಂದು ಪೇಟೆಯ ಹೋಟೆಲಿನಲ್ಲಿ ನಾಲ್ಕು ಜನರೆದುರು ಹೇಳಿಕೊಂಡು ಬಂದಿದ್ದೆ. ನಿನ್ನೆದುರು ಹೇಳಲಿಲ್ಲ.

ನಾನು ಕ್ರಿಕೆಟ್ಟಿನ ಹುಚ್ಚಿನವನೇನಲ್ಲ. ಫೈನಲ್ ಬಂದರೆ ನೋಡುವವನು. ಆದರೆ ಅಂದು ಮಳೆ ನಿಂತು ಆಟ ಶುರುವಾಗುವುದಕ್ಕೇ ಸಂಜೆ ಐದಾದರೂ ಟಿ.ವಿ. ಬಿಟ್ಟು ಏಳಲಿಲ್ಲ. ಶೆಫಾಲಿ ಬಾರಿಸಲು ಶುರುಮಾಡಿದಾಗ ನಿನ್ನ ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಆಮೇಲೆ ಅವಳೂ ಅಲ್ಲಿಂದ ಕದಲಲಿಲ್ಲ, ನನ್ನನ್ನೂ ಕುರ್ಚಿಯಿಂದ ಕದಲಗೊಡಲಿಲ್ಲ. ಎದ್ದರೆ ವಿಕೆಟ್ ಬೀಳುತ್ತದಂತೆ. 87 ಆಗುವವರೆಗೂ ಒಲೆಯ ಮೇಲಿನ ಸಾರು ಕುದಿಯುತ್ತಲೇ ಇತ್ತು. ಅತ್ತ ದಕ್ಷಿಣ ಆಫ್ರಿಕಾದ ವೋಲ್ವಾರ್ಟ್ ನೂರು ಹೊಡೆದಾಗ ಇಬ್ಬರಿಗೂ ಎದೆ ಕುಸಿಯಿತು. ಅವಳು ಎತ್ತಿ ಹೊಡೆದ ಚೆಂಡು ಅಮನ್‌ಜೋತ್ ಕೈಯಿಂದ ಪುಟಿದು, ಮತ್ತೆ ಪುಟಿದು, ಮೂರನೆಯ ಸಲಕ್ಕೆ ಸಿಕ್ಕಿತಲ್ಲ, ಆಗ ಅಮ್ಮ ಹಾಕಿದ ಕೂಗಿಗೆ ಕೊಟ್ಟಿಗೆಯ ದನ ಎದ್ದು ನಿಂತಿತು.

ಅಲ್ಲಿಂದಾಚೆ ನಾನು ಆಟ ನೋಡಲಿಲ್ಲ. ಕ್ಯಾಮೆರಾ ಜನರತ್ತ ತಿರುಗಿದಾಗಲೆಲ್ಲ ನಿನ್ನನ್ನು ಹುಡುಕುತ್ತಿದ್ದೆ. ಬೆಳಗ್ಗೆ ನೀನು ನೀಲಿ ಅಂಗಿಯಲ್ಲಿ ನಿಂತು ಫೋಟೊ ಕಳಿಸಿದ್ದೆ. ಅಲ್ಲಿ ಎಲ್ಲರೂ ನೀಲಿಯೇ. ಫೋನ್ ಮಾಡಿದರೆ ಸ್ವಿಚ್ ಆಫ್. ಜೂನ್ 4ರಂದು ಬೆಂಗಳೂರಿನ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ಹನ್ನೊಂದು ಜನ ತೀರಿಕೊಂಡರಲ್ಲ, ಅವರೂ ಗೆಲುವನ್ನು ಕೊಂಡಾಡಲು ಬಂದಿದ್ದವರೇ.

ನಿಜ ಹೇಳುತ್ತೇನೆ, ನನ್ನ ಹೆದರಿಕೆ ಜೂನ್ ತಿಂಗಳಿನದಲ್ಲ. ಅದು ಮೂಡುಬಿದಿರೆಯ ಕಂಬಳದ್ದು. ನಿನಗೆ ಆಗ ಆರು ವರ್ಷ. ನೀನು ಅದನ್ನು ಗೆಳತಿಯರಿಗೆ ನಗುವಿನ ಕಥೆಯಾಗಿ ಹೇಳುತ್ತೀಯೆ. ನನ್ನ ಕಥೆ ಬೇರೆ, ಇದುವರೆಗೆ ಹೇಳಿಲ್ಲ.

ರಾತ್ರಿ ಎರಡು ಗಂಟೆ ಇರಬೇಕು. ನೀರು ಚಿಮ್ಮಿಸುವ ಕನೆಹಲಗೆಯನ್ನು ಎಳೆಯುವ ಕೋಣಗಳು ಓಟ ಶುರುವಾಗುವ ಗಂತಿನಿಂದ ಹೊರಟಿದ್ದವು. ನಿನ್ನ ಎಡಗೈ ನನ್ನ ಬಲಗೈಯಲ್ಲಿತ್ತು, ಚರುಮುರಿಯ ನಿಂಬೆರಸದಿಂದ ಅಂಟಂಟಾಗಿತ್ತು. ಹಲಗೆಯ ತೂತಿನಿಂದ ಚಿಮ್ಮಿದ ನೀರು ಏಳೂವರೆ ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಯತ್ತ ಏರುತ್ತಿತ್ತು. ಜನ ಹೋ ಎಂದರು. ನಾನೂ ಎರಡೂ ಕೈ ಮೇಲೆತ್ತಿದೆ. ಇಳಿಸುವಾಗ ನಿನ್ನ ಕೈ ಇರಲಿಲ್ಲ.

ಚರುಮುರಿ ಗಾಡಿ, ಐಸ್‌ಕ್ರೀಮ್ ಗಾಡಿ, ಓಟ ಮುಗಿಯುವ ಮಂಜೊಟ್ಟಿಯ ಹಿಂಬದಿ, ಎಲ್ಲ ಕಡೆ ಓಡಿದೆ. ಕೋಣಗಳು ಓಡುವ ಕರೆಯ ಕೆಸರು ನೀರನ್ನು ನೋಡಿದೆ. ಅದನ್ನು ಯಾಕೆ ನೋಡಿದೆ ಎಂದು ಕೇಳಬೇಡ. ಧ್ವನಿವರ್ಧಕದಲ್ಲಿ "ಕೆಂಪು ಫ್ರಾಕು, ಆರು ವರ್ಷದ ಹುಡುಗಿ" ಎಂದು ಕೂಗಿಸಿದರು. ಆ ದನಿ ಈಗಲೂ ಕಿವಿಯಲ್ಲಿದೆ. ಕೊನೆಗೆ ನೀನು ಕೋಣಗಳನ್ನು ಕಟ್ಟಿದ ಚಪ್ಪರದ ಕೆಳಗೆ ಬೈಹುಲ್ಲಿನ ರಾಶಿಯ ಮೇಲೆ ಕುಳಿತಿದ್ದೆ. ಒಬ್ಬರು ಬೇಯಿಸಿದ ಹುರುಳಿಯನ್ನು ಉಂಡೆ ಮಾಡಿ ಕೋಣನ ಬಾಯಿಗೆ ಇಡುತ್ತಿದ್ದರು, ನೀನು ಒಂದೊಂದೇ ಉಂಡೆ ಎಣಿಸುತ್ತಿದ್ದೆ. "ಅಪ್ಪಾ, ಇವನಿಗೆ ಇನ್ನೂ ಹಸಿವಂತೆ" ಎಂದೆ. ಅಂದೂ ನಾನು ಬೈದೆ. ಬೈದು, ನಿಂತಿದ್ದ ಒಂದು ಲಾರಿಯ ಹಿಂದೆ ಹೋಗಿ ಕಾಲಲ್ಲಿ ಬಲವಿಲ್ಲದೆ ಕುಳಿತುಬಿಟ್ಟೆ. ಹತ್ತು ನಿಮಿಷ ಎದ್ದಿರಲಿಲ್ಲ. ಅದು ನಿನಗೆ ಗೊತ್ತಿಲ್ಲ. ಆ ನೀರು ನಿಶಾನೆಗೆ ತಾಗಿತೋ ಇಲ್ಲವೋ, ಅದು ನನಗೆ ಗೊತ್ತಿಲ್ಲ.

ಎಷ್ಟು ಸಲ ಯೋಚಿಸಿದ್ದೇನೆ, ಒಂದೇ ಕೈ ಎತ್ತಿದ್ದರೆ ಸಾಕಿತ್ತಲ್ಲ ಎಂದು. ಎಡಗೈ ಬಿಡುವಾಗಿಯೇ ಇತ್ತು.

ಅದಕ್ಕೇ ಹೇಳುತ್ತೇನೆ, ಆಟಕ್ಕೆ ಹೋಗು, ಧಾರಾಳವಾಗಿ ಹೋಗು. ಪಂದ್ಯ ಮುಗಿದೊಡನೆ ಬಾಗಿಲಿಗೆ ನುಗ್ಗಬೇಡ, ಅರ್ಧ ಗಂಟೆ ಕುಳಿತಿರು. ಜೊತೆಯವರು ಚದುರಿದರೆ ಸೇರುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ. ನೆರೂಳ್ ಸ್ಟೇಷನ್ನಿನಲ್ಲಿ ಓಡುವ ರೈಲಿಗೆ ಹಾರಬೇಡ. ಮನೆಯ ನಂಬರನ್ನು ಚೀಟಿಯಲ್ಲಿ ಬರೆದಿಟ್ಟುಕೋ, ಫೋನ್ ಸತ್ತರೆ ಬೇರೆಯವರ ಫೋನಿನಿಂದ ಒಂದು ಮಾತು ಹೇಳು. ಅಮ್ಮ ಕಳಿಸುವ ಹಪ್ಪಳದ ಡಬ್ಬಿಯೊಡನೆ ಒಂದು ಪವರ್ ಬ್ಯಾಂಕ್ ಇದೆ. ಅದನ್ನು ಕಪಾಟಿನಲ್ಲಿ ಇಟ್ಟುಬಿಡಬೇಡ. ಮತ್ತೆ ಉಪದೇಶವಾಯಿತು. ಕ್ಷಮೆ ಕೇಳಲೆಂದೇ ಕುಳಿತವನು ನಾನು.

ಈ ಸಲದ ಕಂಬಳಕ್ಕೆ ಎರಡು ದಿನ ರಜೆ ಹಾಕಿ ಬಾ. ರಾತ್ರಿಯಿಡೀ ಇರೋಣ. ನಿನ್ನ ಕೈ ಹಿಡಿದುಕೊಳ್ಳುವುದಿಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ.

ಅದಕ್ಕೂ ಮೊದಲು ಒಂದು ಫೋನ್ ಮಾಡು. ಕೊನೆಯ ಕ್ಯಾಚನ್ನು ನಾಯಕಿ ಹರ್ಮನ್‌ಪ್ರೀತ್ ಹಿಂದಕ್ಕೆ ಓಡಿ ಹಿಡಿದಳಂತೆ, ಅಮ್ಮ ಹೇಳಿದಳು. ಆ ಹೊತ್ತಿಗೆ ನಾನು ಫೋನ್ ಕಿವಿಗಿಟ್ಟುಕೊಂಡು ಅಂಗಳದಲ್ಲಿದ್ದೆ. ಟಿ.ವಿ.ಯಲ್ಲಿ ಆಮೇಲೆ ಎಷ್ಟೋ ಸಲ ತೋರಿಸಿದರು, ತೋರಿಸಿದಾಗಲೆಲ್ಲ ನಾನು ಎದ್ದು ಹೋದೆ. ನೀನು ಕುಳಿತ ಕಡೆಯಿಂದ ಅದು ಹೇಗೆ ಕಂಡಿತು? ಚೆಂಡು ಮೇಲೇರಿದಾಗಿನಿಂದ ಶುರುಮಾಡು.

ನಿನ್ನ
ಅಪ್ಪ