ಮುಳುಗಿದ ಊರುಗಳ ನೆನಪು ಕೊಟ್ಟವರಿಗೆ

ಎಲ್ಲರಿಗೂ ನಮಸ್ಕಾರ.

ಶರಾವತಿ ಮುಳುಗಡೆ ಊರುಗಳ ಆನ್‌ಲೈನ್ ಸಂಗ್ರಹದ ಮೊದಲ ಭಾಗ ಈ ವಾರ ಮುಗಿಯಿತು. ಫೋಟೊ, ಕಾಗದಪತ್ರ, ಹಾಡು, ಮಾತು, ನಕ್ಷೆ ಎಲ್ಲವನ್ನೂ ಈಗ ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು, ಕೇಳಬಹುದು. ದುಡ್ಡು ಕೊಡಬೇಕಾಗಿಲ್ಲ. ಇದನ್ನು ನಾವು ನಾಲ್ಕೈದು ಜನ ಮಾಡಿದ್ದು ಅಂತ ಹೇಳಿಕೊಂಡರೆ ಅನ್ಯಾಯ. ಅದಕ್ಕೇ ಈ ಬರಹ.

ಮಳೆಗಾಲ ಬಂತು ಅಂದರೆ ನಮ್ಮ ಕಡೆ ಎಲ್ಲರ ಬಾಯಲ್ಲೂ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟದ್ದೇ ಮಾತು. ಈ ಸಲ 1819 ಅಡಿ ತುಂಬುತ್ತಾ, ಇಲ್ವಾ? ಆ ನೀರಿನ ಅಡಿಯಲ್ಲಿ ಯಾವ ಊರಿತ್ತು ಅಂತ ಕೇಳಿದರೆ ಮಾತ್ರ ನನ್ನ ವಯಸ್ಸಿನವರು ಸುಮ್ಮನಾಗುತ್ತೇವೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಗದ್ದೆ, ತೋಟ, ದೇವಸ್ಥಾನ ಎಲ್ಲ ನೀರು ಪಾಲಾದವು. 1948ರಲ್ಲಿ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ನೀರು ತುಂಬಾ ಇಳಿದ ಬೇಸಿಗೆಯಲ್ಲಿ ಅದು ಮೇಲೆ ಕಾಣಿಸುತ್ತದೆ, ಜನ ಹೋಗಿ ಫೋಟೊ ತೆಗೆದುಕೊಳ್ಳುತ್ತಾರೆ. ಊರುಗಳಿಗೆ ಆ ಭಾಗ್ಯವೂ ಇಲ್ಲ.

ಮೊದಲ ಕೃತಜ್ಞತೆ ಟ್ರಂಕು ತೆಗೆದು ತೋರಿಸಿದ ಮನೆಗಳಿಗೆ. ಶುರುವಿನಲ್ಲಿ ಹಲವರು ಒಪ್ಪಲಿಲ್ಲ. ಹಿಂದೆ ಯಾರೋ ಬಂದು ಹಳೇ ಪತ್ರಗಳನ್ನು ತಗೊಂಡು ಹೋಗಿದ್ದರಂತೆ, ವಾಪಸ್ ಕೊಡಲೇ ಇಲ್ಲವಂತೆ. ಹಾಗಿರುವಾಗ ಯಾರು ನಂಬುತ್ತಾರೆ? ಅವರ ಮನೆಯ ಒಂದು ಚೀಟಿಯೂ ಹೊಸಿಲು ದಾಟಬಾರದು ಅಂತ ಅವತ್ತೇ ತೀರ್ಮಾನ ಮಾಡಿದೆವು. ಸ್ಕ್ಯಾನರ್ ಹೊತ್ತುಕೊಂಡು ಹೋಗಿ ಜಗಲಿಯಲ್ಲೇ ಇಟ್ಟು, ಅವರ ಕಣ್ಣೆದುರೇ ಒಂದೊಂದು ಹಾಳೆ ಸ್ಕ್ಯಾನ್ ಮಾಡಿ ವಾಪಸ್ ಅವರ ಕೈಗೇ ಕೊಟ್ಟೆವು. ಕರೆಂಟು ಹೋದಾಗ ಕಾಫಿ ಕೊಟ್ಟು ಕೂರಿಸಿಕೊಂಡವರನ್ನು ಹೇಗೆ ಮರೆಯಲಿ? ಎಷ್ಟೋ ಒಳ್ಳೆಯ ಕಥೆಗಳು ಬಂದಿದ್ದು ಆ ಹೊತ್ತಿನಲ್ಲೇ.

ಇನ್ನೂ ದೊಡ್ಡ ಋಣ ಕಾಗದವೇ ಇಲ್ಲದವರದ್ದು. ಈ ಸೀಮೆಯಲ್ಲಿ ಗೇಣಿ ಮಾಡುತ್ತಿದ್ದವರೇ ಜಾಸ್ತಿ. ಗೇಣಿ ಭತ್ತ ಅಳೆಯುವ ಕೊಳಗದ ಅಳತೆಯಲ್ಲಿ ಆಗುತ್ತಿದ್ದ ಅನ್ಯಾಯದ ವಿರುದ್ಧ 1951ರಲ್ಲಿ ಕಾಗೋಡಿನ ರೈತರು ಎದ್ದು ನಿಂತಿದ್ದು ಇದೇ ಸಾಗರ ತಾಲ್ಲೂಕಿನಲ್ಲಿ. ಗದ್ದೆ ಉತ್ತವರು ಅವರು, ದಾಖಲೆಯಲ್ಲಿ ಹೆಸರು ಜಮೀನಿನ ಒಡೆಯರದ್ದು. ಹೀಗಾಗಿ ಮುಳುಗಡೆಯ ಹೊತ್ತಿಗೆ ಎಷ್ಟೋ ಜನರ ಹತ್ತಿರ ತೋರಿಸಲು ಒಂದು ಚೂರು ಕಾಗದವೂ ಇರಲಿಲ್ಲ. ಉಳುವವನಿಗೇ ಭೂಮಿ ಅನ್ನುವ ಕಾನೂನು ಗಟ್ಟಿಯಾಗಿ ಬಂದಿದ್ದು 1974ರಲ್ಲಿ. ಅಷ್ಟರಲ್ಲಿ ಆ ಗದ್ದೆಗಳು ನೀರು ಸೇರಿ ಹತ್ತು ವರ್ಷವಾಗಿತ್ತು. ಇಂಥ ಮನೆಗಳ ಚರಿತ್ರೆ ಯಾವ ಕಚೇರಿಯ ಕಪಾಟಿನಲ್ಲೂ ಸಿಗುವುದಿಲ್ಲ. ಅದು ಇರುವುದು ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ. ಲಾರಿ ಬಂದ ದಿನ, ಬಿಚ್ಚಿಟ್ಟ ಬಾಗಿಲು, ಹಂಚು, ಬಿಟ್ಟು ಬಂದ ದನಗಳು, ಕಾಡಿನಲ್ಲಿ ಇಳಿಸಿ ಹೋದ ರಾತ್ರಿ, ಇದನ್ನೆಲ್ಲ ಮತ್ತೊಮ್ಮೆ ನೆನೆಯುವುದು ಅವರಿಗೆ ಸುಲಭವಿರಲಿಲ್ಲ. ಆದರೂ ಹೇಳಿದರು. ಅವರಿಗೆ ಕೈಮುಗಿಯುತ್ತೇನೆ.

ಆ ಮಾತುಗಳನ್ನು ಕೇಳಿ ಕೇಳಿ ಟೈಪ್ ಮಾಡಿದ ಕಾಲೇಜಿನ ಹುಡುಗ ಹುಡುಗಿಯರಿಗೆ ಥ್ಯಾಂಕ್ಸ್ ಅಂದರೆ ಸಾಲದು. ಮಕ್ಕಿಗದ್ದೆ, ಹಕ್ಕಲು, ಬ್ಯಾಣ, ಕಾನು ಅಂತ ನಮ್ಮ ಕಡೆಯ ಗದ್ದೆ, ಕಾಡಿನ ಹೆಸರುಗಳು ಬಂದಾಗಲೆಲ್ಲ ಮಾತು ಕೇಳಿ ಬರೆಯುವ ಸಾಫ್ಟ್‌ವೇರ್ ಏನೇನೋ ಬರೆಯುತ್ತಿತ್ತು. ಇವರು ಮನೆಗೆ ಫೋನ್ ಮಾಡಿ ಅಜ್ಜಿಯನ್ನೇ ಕೇಳಿ ತಿದ್ದಿದರು.

ನಕ್ಷೆಯ ಕೆಲಸ ನನಗೆ ತುಂಬಾ ಪ್ರೀತಿಯದ್ದು. ಹಳೇ ನಕ್ಷೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬೇಕು. ನೀರಿಗೆ ಸಿಗದ ಗುಡ್ಡದ ನೆತ್ತಿ, ರಸ್ತೆ ಕೂಡುವ ಜಾಗಗಳನ್ನು ಎರಡರಲ್ಲೂ ಗುರುತಿಸಿ ಹೊಂದಿಸಿದರೆ, ಹಿನ್ನೀರಿನ ನೀಲಿಯ ಮೇಲೆ ಊರಿನ ಹೆಸರುಗಳು ಬಂದು ನಿಲ್ಲುತ್ತವೆ. ಹಿನ್ನೀರಿನ ಆಚೆಯ ತುಮರಿ ಕಡೆಯ ಅಜ್ಜ ಒಬ್ಬರು ಟ್ಯಾಬ್ ಅನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಬರೀ ನೀರಿದ್ದ ಕಡೆ ಬೆರಳಿಟ್ಟು, ಇಲ್ಲಿ ಹಳ್ಳ, ಹಳ್ಳದಾಚೆ ನಮ್ಮ ಕಣ, ಕಣದ ಪಕ್ಕ ಹಲಸಿನ ಮರ ಅಂತ ಹೇಳುತ್ತಾ ಹೋದರು. ಆ ಹಲಸಿನ ಮರ ಈಗ ನಮ್ಮ ನಕ್ಷೆಯಲ್ಲಿದೆ.

ಊರೂರಿನ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಅವರನ್ನೂ ನೆನೆಯಬೇಕು. ಸೊರಬ, ಸಾಗರ, ನಗರ, ತೀರ್ಥಹಳ್ಳಿಯ ಶಾಸನಗಳಿರುವ, ಅವರ ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಪುಸ್ತಕಮಾಲೆಯ 8ನೇ ಸಂಪುಟ 1904ರಲ್ಲಿ ಬಂತು, ಮುಳುಗಡೆಗೆ ಸರಿಯಾಗಿ 60 ವರ್ಷ ಮೊದಲು. ಯಾವ ಊರಿನಲ್ಲಿ, ಎಲ್ಲಿ ಶಾಸನದ ಕಲ್ಲು ಇತ್ತು ಅಂತ ಅದರಲ್ಲಿ ಬರೆದಿದೆ. ಅದನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ ಪುಣ್ಯಾತ್ಮರು ಯಾರೋ, ಅವರಿಗೂ ನಮಸ್ಕಾರ.

ಹಿನ್ನೀರು ದಾಟಿಸುತ್ತಿದ್ದ ಹೊಳೆಬಾಗಿಲಿನ ಲಾಂಚಿನ ಸಿಬ್ಬಂದಿ ನಮ್ಮ ಸ್ಕ್ಯಾನರ್ ನೆನೆಯದಂತೆ ಜಾಗ ಮಾಡಿಕೊಡುತ್ತಿದ್ದರು. 2025ರ ಜುಲೈನಲ್ಲಿ ಅಲ್ಲಿನ ಸೇತುವೆ ಓಡಾಟಕ್ಕೆ ತೆರೆಯಿತು, ಹೋಗಿ ಬರುವುದು ಸಲೀಸಾಯಿತು. ಆದರೂ ಲಾಂಚಿನವರ ಉಪಕಾರ ನೆನಪಿದೆ.

ಹೊಸನಗರ ಕಡೆಯ ಊರುಗಳ ಕೆಲಸ ಇನ್ನೂ ಬಾಕಿ ಇದೆ. ನಿಮ್ಮ ಮನೆಯಲ್ಲಿ ಆ ಕಡೆಯಿಂದ ಎದ್ದು ಬಂದ ಹಿರಿಯರಿದ್ದರೆ ದಯವಿಟ್ಟು ತಿಳಿಸಿ, ಈ ಮಳೆಗಾಲ ಮುಗಿಯುವುದಕ್ಕೂ ಕಾಯಬೇಡಿ. ಸ್ಕ್ಯಾನರ್ ಹೊತ್ತುಕೊಂಡು ನಾವೇ ಬರುತ್ತೇವೆ.