‘ಇವತ್ತು ಹಾಳಾಯ್ತು’ ಅನ್ನದ ಒಂದು ವರ್ಷ

ಈ ವಾರಕ್ಕೆ ಸರಿಯಾಗಿ ಒಂದು ವರ್ಷ ಆಯಿತು. ಈ ಒಂದು ವರ್ಷದಲ್ಲಿ ನಾನು ಒಮ್ಮೆಯೂ ‘ಸೋಮವಾರದಿಂದ ಡಯಟ್ ಶುರು’ ಅಂದಿಲ್ಲ. ತೂಕ ಎಷ್ಟು ಇಳಿಯಿತು ಅಂತ ಕೆಲವರು ಕೇಳುತ್ತಾರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನನಗೆ ಖುಷಿ ಕೊಟ್ಟಿರುವುದು ಬೇರೆಯೇ ವಿಷಯ: ಒಂದು ಸಲ ಜಾಸ್ತಿ ತಿಂದರೆ ‘ಇವತ್ತು ಹಾಳಾಯ್ತು’ ಅಂತ ಎಲ್ಲ ಕೈಬಿಡುವುದು ನಿಂತಿದೆ. ಅದಕ್ಕೆ ಕಾರಣರಾದವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

ಹತ್ತಾರು ವರ್ಷ ನನ್ನ ಲೆಕ್ಕ ಒಂದೇ ಇತ್ತು. ಮಾಡಿದರೆ ಪೂರ್ತಿ ಮಾಡಬೇಕು, ಇಲ್ಲವಾದರೆ ಬಿಟ್ಟೇಬಿಡಬೇಕು. ಸಕ್ಕರೆ ಇಲ್ಲ, ಕರಿದದ್ದು ಇಲ್ಲ, ರಾತ್ರಿ ಏಳರ ಮೇಲೆ ಏನೂ ಇಲ್ಲ. ಐದು ದಿನ ಚಾಚೂ ತಪ್ಪದೆ ನಡೆಯುತ್ತಿತ್ತು. ಆರನೇ ದಿನ ಯಾರದೋ ಹುಟ್ಟುಹಬ್ಬಕ್ಕೆ ಒಂದು ತುಂಡು ಕೇಕ್ ತಿಂದರೆ ಮುಗಿಯಿತು. ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು? ಅವತ್ತು ರಾತ್ರಿ ಅಡುಗೆಮನೆಯಲ್ಲಿ ಲೈಟ್ ಹಾಕದೆ, ನಿಂತುಕೊಂಡೇ, ರುಚಿಯೂ ಗೊತ್ತಾಗದಂತೆ ತಿನ್ನುತ್ತಿದ್ದೆ. ಬೆಳಿಗ್ಗೆ ಎದ್ದರೆ ನಾಚಿಕೆ. ತಪ್ಪಿಗೆ ಶಿಕ್ಷೆ ಅಂತ ಮಧ್ಯಾಹ್ನದವರೆಗೆ ಉಪವಾಸ. ಸಂಜೆಗೆ ಮತ್ತೆ ಅದೇ ಕಥೆ.

ಇದನ್ನು ಮೊದಲು ಹೇಳಿಕೊಂಡದ್ದು ಅಕ್ಕನ ಹತ್ತಿರ. ‘ಮನಸ್ಸು ಗಟ್ಟಿ ಮಾಡ್ಕೋ’ ಅಂತಾಳೆ ಅಂದುಕೊಂಡಿದ್ದೆ. ಅವಳು ಅದನ್ನು ಹೇಳಲಿಲ್ಲ. ‘ಎಷ್ಟು ವರ್ಷದಿಂದ ಹೀಗಿದೆ?’ ಅಂದಳು. ನಾನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಯಾರನ್ನಾದರೂ ನೋಡೋಣ, ನಾನೂ ಬರ್ತೀನಿ’ ಅಂದಳು. ಬಂದಳು ಕೂಡ. ಮೊದಲ ಮೂರು ಸಲ ಹೊರಗೆ ಬೆಂಚಿನ ಮೇಲೆ ಕೂತು ಕಾದಳು.

ನನ್ನ ಕೌನ್ಸೆಲರ್‌ಗೆ ನಾನು ಎಷ್ಟು ಋಣಿ ಅಂತ ಹೇಳುವುದು ಕಷ್ಟ. ಅವರು ಒಂದು ಪ್ರಯೋಗದ ಬಗ್ಗೆ ಹೇಳಿದರು. 1975ರಲ್ಲಿ ಪೀಟರ್ ಹರ್ಮನ್ ಅನ್ನುವ ಮನಶ್ಶಾಸ್ತ್ರಜ್ಞರು ಸಹೋದ್ಯೋಗಿಯೊಬ್ಬರ ಜೊತೆ ಪ್ರಕಟಿಸಿದ್ದು. ಕೆಲವರಿಗೆ ಮೊದಲು ಮಿಲ್ಕ್‌ಶೇಕ್ ಕುಡಿಸಿದರು. ಆಮೇಲೆ ರುಚಿ ನೋಡಿ ಹೇಳಿ ಅಂತ ಎಲ್ಲರ ಮುಂದೆ ಐಸ್‌ಕ್ರೀಮ್ ಇಟ್ಟರು. ತಿನ್ನುವುದರಲ್ಲಿ ಅಷ್ಟೇನೂ ಕಟ್ಟುನಿಟ್ಟು ಇಲ್ಲದವರು ಮಿಲ್ಕ್‌ಶೇಕ್ ಆದ ಮೇಲೆ ಕಡಿಮೆ ತಿಂದರು. ಸದಾ ಬಾಯಿ ಕಟ್ಟಿಕೊಂಡು ಬದುಕುವವರು ಮಾತ್ರ, ಏನೂ ಕುಡಿಯದೇ ಇದ್ದ ತಮ್ಮಂಥವರಿಗಿಂತ ಜಾಸ್ತಿ ತಿಂದರು. ನಿಯಮ ಹೇಗೂ ಮುರಿದಿತ್ತು, ಅಲ್ವಾ? ಕೇಳಿ ಕಣ್ಣಲ್ಲಿ ನೀರು ಬಂತು. ನನ್ನೊಬ್ಬಳ ದೌರ್ಬಲ್ಯ ಅಂದುಕೊಂಡಿದ್ದದ್ದು ನಾನು ಹುಟ್ಟುವ ಮೊದಲೇ ಯಾರೋ ಕೂತು ಗಮನಿಸಿದ್ದ ವಿಷಯವಾಗಿತ್ತು.

ಕೌನ್ಸೆಲರ್ ಹೊಸ ಡಯಟ್ ಕೊಡಲಿಲ್ಲ. ದಿನಕ್ಕೆ ಮೂರು ಊಟ, ನಡುವೆ ಎರಡು ಸಲ ಏನಾದರೂ ಸಣ್ಣದು. ನಾಲ್ಕು ಗಂಟೆಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬಾರದು. ಇನ್ನೊಂದು ಮಾತು ಮತ್ತೆ ಮತ್ತೆ ಹೇಳಿದರು: ಎಷ್ಟೇ ಜಾಸ್ತಿ ತಿಂದಿರಲಿ, ಮುಂದಿನ ಊಟ ಬಿಡಬೇಡ. ನಿಜ ಹೇಳುತ್ತೇನೆ, ಕೇಕ್ ಬಿಡುವುದಕ್ಕಿಂತ ಇದು ಕಷ್ಟವಾಯಿತು. ಹಿಂದಿನ ರಾತ್ರಿಯ ತಪ್ಪು ಎದೆಯ ಮೇಲೆ ಕೂತಿರುವಾಗ ಬೆಳಿಗ್ಗೆ ತಟ್ಟೆ ಮುಂದೆ ಕೂತು ತಿನ್ನಬೇಕು. ಕೈ ನಡುಗಿದ ದಿನಗಳಿವೆ. ಏನು ತಿಂದೆ ಅನ್ನುವುದರ ಜೊತೆ ಅದಕ್ಕೆ ಮೊದಲು ಏನಾಗಿತ್ತು ಅಂತಲೂ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದ್ದರು. ಎರಡು ತಿಂಗಳ ಪುಟ ತಿರುಗಿಸಿ ನೋಡಿದಾಗ ಗೊತ್ತಾಯಿತು. ನಾನು ‘ಸೋತ’ ಸಂಜೆಗಳಲ್ಲಿ ಮುಕ್ಕಾಲು ಪಾಲು, ಮಧ್ಯಾಹ್ನ ಊಟ ಬಿಟ್ಟಿದ್ದ ದಿನಗಳೇ. ನನಗೆ ಹಸಿವಾಗಿತ್ತು, ಅಷ್ಟೇ.

ತೂಕದ ಮೆಷಿನ್ ತೆಗೆದುಕೊಂಡು ಹೋದ ಗೆಳತಿಗೂ ಥ್ಯಾಂಕ್ಸ್. ಉಪ್ಪು, ನೀರಿನಿಂದಲೇ ದಿನದಿಂದ ದಿನಕ್ಕೆ ಒಂದು ಕೆಜಿ ಆಚೀಚೆ ಆಗುತ್ತದೆ ಅಂತ ಗೊತ್ತಿದ್ದರೂ, ಆ ಅಂಕಿ ನೋಡಿದರೆ ನನ್ನ ದಿನವೇ ಕೆಡುತ್ತಿತ್ತು. ‘ಬೇಕಾದಾಗ ಕೇಳು’ ಅಂದಿದ್ದಾಳೆ. ಇನ್ನೂ ಕೇಳಿಲ್ಲ.

ಅವಳೇ ಇನ್ನೊಂದು ವಿಷಯ ಕಳಿಸಿದ್ದಳು. ಅಭ್ಯಾಸಗಳ ಬಗ್ಗೆ ಲಂಡನ್ನಿನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಅಧ್ಯಯನ. 96 ಜನ ದಿನಾ ಮಾಡಲು ಒಂದೊಂದು ಸಣ್ಣ ಕೆಲಸ ಆರಿಸಿಕೊಂಡಿದ್ದರು. ಕೆಲವರಿಗೆ ಅಭ್ಯಾಸ ಕೂಡಿಬರಲು 18 ದಿನ ಸಾಕಾಯಿತು, ಕೆಲವರಿಗೆ 254 ದಿನ ಬೇಕು ಅಂತ ಲೆಕ್ಕ ಸಿಕ್ಕಿತು. ನನ್ನ ಮನಸ್ಸಿಗೆ ನಾಟಿದ್ದು ಅದಲ್ಲ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ ಅನ್ನುವ ಸಾಲು. ಅದನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.

ಆಫೀಸಿನ ಗೆಳೆಯರೇ, ‘ಇದನ್ನ ನೀನು ತಿನ್ನಬಹುದಾ?’ ಅಂತ ಕೇಳುವುದನ್ನು ನಿಲ್ಲಿಸಿದ್ದಕ್ಕೆ ನಿಮಗೂ ಥ್ಯಾಂಕ್ಸ್. ‘ಸಣ್ಣ ಆಗಿದ್ದೀಯ’ ಅನ್ನುವುದನ್ನೂ ಬಿಟ್ಟಿರಿ. ಅದು ಹೊಗಳಿಕೆಯೇ, ಗೊತ್ತು. ಆದರೆ ಅದನ್ನು ಕೇಳಿದ ದಿನ ನಾನು ಊಟ ಕಡಿಮೆ ಮಾಡುತ್ತಿದ್ದೆ.

ಹೋದ ತಿಂಗಳು ಒಂದು ಕೆಟ್ಟ ರಾತ್ರಿ ಬಂತು. ಕೆಲಸದ ಒತ್ತಡ, ನಿದ್ದೆ ಇಲ್ಲ. ಹೊಟ್ಟೆ ನೋಯುವಷ್ಟು ತಿಂದೆ. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ‘ಸರಿ, ತಿಂಡಿ ತಿಂದ್ಯಾ?’ ಅಂದಳು. ಇಲ್ಲ ಅಂದೆ. ‘ನಾನೂ ತಿಂದಿಲ್ಲ. ಫೋನ್ ಇಡಬೇಡ, ಇಬ್ಬರೂ ತಟ್ಟೆ ಹಾಕಿಕೊಳ್ಳೋಣ’ ಅಂದಳು. ಅವತ್ತು ನಾವಿಬ್ಬರೂ ಫೋನಿನಲ್ಲೇ ಒಟ್ಟಿಗೆ ತಿಂಡಿ ತಿಂದೆವು.